ಅವತಾರದ ತೊಡವು

ಅವತಾರದ ತೊಡವು: ಕಂಪ್ಯೂಟರಿನೊಳಗಿನ ಮಾಯಾಲೋಕದಲ್ಲಿ ಬಳಕೆದಾರನ ಪರವಾಗಿ ಓಡಾಡುವ ಗೊಂಬೆಗೆ ತೊಡಿಸುವ ಟೋಪಿ, ಕನ್ನಡಕ, ಓಲೆ, ಸರ, ಕತ್ತಿ, ರೆಕ್ಕೆ, ಕೂದಲು ಮೊದಲಾದ ಬಿಡಿ ವಸ್ತು. ಆ ಗೊಂಬೆಯನ್ನು ಈಗ ಜಗತ್ತೆಲ್ಲ ಅವತಾರ ಎಂದೇ ಕರೆಯುತ್ತದೆ. ತೊಡವನ್ನು ಮೈಯ ಯಾವ ನೆಲೆಗೆ ಕಟ್ಟಬೇಕು ಎಂಬುದು ಮೊದಲ ಕೆಲಸ. ಕಟ್ಟಿದ ಮೇಲೆ ಎಷ್ಟು ಸರಿಸಿ, ತಿರುಗಿಸಿ, ಹಿಗ್ಗಿಸಿ ಕೂರಿಸಬೇಕು ಎಂಬುದು ಎರಡನೆಯದು. ಹೆಚ್ಚು ಹೊತ್ತು ಹಿಡಿಯುವುದು ಎರಡನೆಯದಕ್ಕೆ. ಕೆಲಸ ಕೆಡುವುದು ಮಾತ್ರ ಬಹುಮಟ್ಟಿಗೆ ಮೊದಲನೆಯದರಲ್ಲಿ.

ಹೆಸರು ನಮ್ಮ ಕಡೆಯದೇ. ಮೇಲಿನಿಂದ ಇಳಿದು ಬರುವುದು ಎಂಬ ಅರ್ಥದ ಈ ಸಂಸ್ಕೃತ ಪದವನ್ನು ರಿಚರ್ಡ್ ಗ್ಯಾರಿಯಟ್ 1985ರ ‘ಅಲ್ಟಿಮಾ 4’ ಆಟಕ್ಕೆ ತಂದರು. ಮರುವರ್ಷ ಲ್ಯೂಕಸ್‌ಫಿಲ್ಮ್ ಗೇಮ್ಸ್ ಕಟ್ಟಿದ ‘ಹ್ಯಾಬಿಟ್ಯಾಟ್’ ಲೋಕದಲ್ಲಿ ಚಿಪ್ ಮಾರ್ನಿಂಗ್‌ಸ್ಟಾರ್ ಪರದೆಯ ಮೇಲೆ ನಡೆದಾಡುವ ಗೊಂಬೆಗೇ ಆ ಹೆಸರು ಕೊಟ್ಟರು. 1992ರಲ್ಲಿ ಬಂದ ನೀಲ್ ಸ್ಟೀಫನ್‌ಸನ್ ಅವರ ‘ಸ್ನೋ ಕ್ರ್ಯಾಶ್’ ಕಾದಂಬರಿಯಿಂದ ಅದು ಎಲ್ಲರ ಬಾಯಿಗೆ ಬಂತು. ಹ್ಯಾಬಿಟ್ಯಾಟಿನಲ್ಲಿ ಗೊಂಬೆಯ ತಲೆಯೇ ಒಂದು ತೊಡವು: ಅದನ್ನು ಕಳಚಿ ಬೇರೆ ತಲೆ ಇಡಬಹುದಿತ್ತು. ಗಣಪತಿಯ ಕಥೆ ಕೇಳಿ ಬೆಳೆದವರಿಗೆ ಇದರಲ್ಲಿ ಬೆರಗೇನೂ ಇಲ್ಲ. ಹಾಗೆ ನೋಡಿದರೆ ಕನ್ನಡದ ಮನೆಗಳಲ್ಲಿ ಅವತಾರ ಎಂಬ ಮಾತು ದೇವರಿಗಿಂತ ಉಡುಪಿನ ಸಂಬಂಧದಲ್ಲೇ ಹೆಚ್ಚು ಓಡಾಡುತ್ತದೆ. ಕೂದಲು ಕೆದರಿಕೊಂಡು, ಅಂಗಿ ಗುಂಡಿ ಬಿಚ್ಚಿಕೊಂಡು ಬಂದ ಮಗನಿಗೆ ಹುಬ್ಬಳ್ಳಿಯ ತಾಯಿ ‘ಏನಲೇ ಇದು ನಿನ್ನ ಅವತಾರ!’ ಎನ್ನುವಾಗ ಆಕೆ ಬೈಯುತ್ತಿರುವುದು ಅವನ ತೊಡವುಗಳನ್ನೇ.

ಕಟ್ಟು, ಉಡು, ಹೊದೆ, ಹಚ್ಚು

ಮೈಮೇಲೆ ಹಾಕಿಕೊಳ್ಳುವುದಕ್ಕೆ ಕನ್ನಡದಲ್ಲಿ ಒಂದೇ ಕ್ರಿಯಾಪದ ಸಾಲದು. ಸೀರೆ ಉಡುತ್ತಾರೆ, ಅಂಗಿ ತೊಡುತ್ತಾರೆ, ಶಾಲು ಹೊದೆಯುತ್ತಾರೆ, ರುಮಾಲು ಸುತ್ತುತ್ತಾರೆ, ಹೂ ಮುಡಿಯುತ್ತಾರೆ, ಗೆಜ್ಜೆ ಕಟ್ಟುತ್ತಾರೆ, ಕುಂಕುಮ ಹಚ್ಚುತ್ತಾರೆ, ಕೆರ ಮೆಟ್ಟುತ್ತಾರೆ. ವಸ್ತು ಮೈಗೆ ಹತ್ತಿಕೊಳ್ಳುವ ಬಗೆ ಬೇರೆಯಾದಾಗಲೆಲ್ಲ ಮಾತೂ ಬೇರೆಯಾಗಿದೆ. ಮಾಯಾಲೋಕದ ಮೆನುಗಳಲ್ಲಿ ಇವೆಲ್ಲಕ್ಕೂ ‘ವೇರ್’ ಎಂಬ ಒಂದೇ ಪದ. ಹೊಸಬರು ತಬ್ಬಿಬ್ಬಾಗುವುದು ಅಲ್ಲಿಯೇ. ಮೆನುವಿನ ಪದ ಒಂದೇ ಆದರೂ ಒಳಗೆ ನಡೆಯುವ ಕೆಲಸ ನಾಲ್ಕು ತರದ್ದು, ಆ ನಾಲ್ಕನ್ನೂ ನಮ್ಮ ಕ್ರಿಯಾಪದಗಳು ಆಗಲೇ ಬೇರೆ ಮಾಡಿಟ್ಟಿವೆ.

ಕಟ್ಟುವ ತೊಡವು ಗಟ್ಟಿ ವಸ್ತು. ಗೊಂಬೆಯ ಒಂದೇ ಒಂದು ಎಲುಬಿಗೆ ಅದನ್ನು ಬಿಗಿಯುತ್ತಾರೆ. ಎಲುಬು ಹೋದಲ್ಲಿಗೆ ಅದು ಹೋಗುತ್ತದೆ, ತಾನು ಬಾಗುವುದಿಲ್ಲ. ಕಿರೀಟ, ಕನ್ನಡಕ, ಕತ್ತಿ ಈ ಜಾತಿ. ಉಡುವ ತೊಡವು ಹಲವು ಎಲುಬುಗಳನ್ನು ಒಟ್ಟಿಗೆ ಹಿಡಿದಿರುತ್ತದೆ. ಅದರ ಒಂದೊಂದು ಬಿಂದುವೂ ಯಾವ ಎಲುಬಿಗೆ ಎಷ್ಟು ಪಾಲು ಸೇರಿದೆ ಎಂದು ಲೆಕ್ಕ ಬರೆದಿಟ್ಟಿರುತ್ತಾರೆ. ಮೊಣಕೈ ಮಡಚಿದರೆ ತೋಳಿನ ಬಟ್ಟೆಯೂ ಮಡಚುವುದು ಈ ಲೆಕ್ಕದಿಂದ. ಹೊದೆಯುವುದು ಸೆರಗು, ಉದ್ದ ಕೂದಲಿನಂಥವುಗಳ ಬಗೆ: ಬುಡ ಮಾತ್ರ ಮೈಗೆ ಕಟ್ಟಿದ್ದು, ತುದಿಯ ತೂಗಾಟವನ್ನು ಯಂತ್ರ ಆ ಕ್ಷಣಕ್ಕೆ ಲೆಕ್ಕ ಹಾಕಿ ತೋರಿಸುತ್ತದೆ. ಹಚ್ಚುವುದೆಂದರೆ ಚರ್ಮದ ಮೇಲಿನ ಚಿತ್ರ. ಹಚ್ಚೆ, ಕಾಡಿಗೆ, ಮೈಗೆ ಅಂಟಿದ ಬನಿಯನ್ ಇತ್ಯಾದಿ. ಅದಕ್ಕೆ ದಪ್ಪವಿಲ್ಲವಾದ್ದರಿಂದ ಸರಿಸುವ ಪ್ರಶ್ನೆಯೂ ಇಲ್ಲ.

ತೊಡವನ್ನು ಕೂರಿಸುವ ಕಷ್ಟ ನಿಜವಾಗಿ ಇರುವುದು ಕಟ್ಟುವ ಜಾತಿಯಲ್ಲಿ. ಈ ಲೇಖನದ ಹೆಚ್ಚಿನ ಭಾಗವೂ ಅದರದೇ.

ಚೌಕಿಯ ಪಾಠ

ಗಟ್ಟಿ ವಸ್ತುವನ್ನು ಕುಣಿಯುವ ಮೈಗೆ ಕಟ್ಟುವ ವಿದ್ಯೆ ಕರ್ನಾಟಕದ ಬಯಲಾಟಗಳಲ್ಲಿ ಬಹಳ ಹಳೆಯದು. ಹುಬ್ಬಳ್ಳಿ-ಧಾರವಾಡ ಸೀಮೆಯ ದೊಡ್ಡಾಟದಲ್ಲೂ ಕರಾವಳಿಯ ಯಕ್ಷಗಾನದಲ್ಲೂ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರ ಮರದಲ್ಲಿ ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿ ಮಾಡುವುದು ವಾಡಿಕೆ. ಹಗುರ ಮರ ಸುಮ್ಮನೆ ಆರಿಸಿದ್ದಲ್ಲ. ರಾತ್ರಿಯಿಡೀ ತಿರುಗಿ ಜಿಗಿಯುವವನ ತಲೆಯ ಮೇಲೆ ತೂಕದ ವಸ್ತು ನಿಲ್ಲುವುದಿಲ್ಲ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಕೇದಗೆ ಮುಂದಲೆ ಎಂಬ ತಲೆಯುಡುಗೆಯಂತೂ ಸಿದ್ಧ ವಸ್ತುವೇ ಅಲ್ಲ. ವೇಷ ಕಟ್ಟುವ ಬಣ್ಣದ ಮನೆಯಾದ ಚೌಕಿಯಲ್ಲಿ ಕೂತು ಪ್ರತಿ ರಾತ್ರಿ ಅಟ್ಟೆ, ಬಟ್ಟೆ, ಜರಿಪಟ್ಟಿ ಸುತ್ತಿ ಸುತ್ತಿ ಆ ಕಲಾವಿದನ ತಲೆಗೇ ಅಳತೆಯಾಗಿ ಕಟ್ಟುವಂಥದ್ದು. ಕನ್ನಡದಲ್ಲಿ ವೇಷವನ್ನು ‘ಹಾಕುವುದ’ಕ್ಕಿಂತ ‘ಕಟ್ಟುವುದು’ ಹೆಚ್ಚು ಸಹಜವಾದ ಮಾತಾಗಿರುವುದು ಇದರಿಂದಲೇ ಇರಬೇಕು.

ಭುಜಕೀರ್ತಿಯನ್ನು ಗಮನಿಸಿ. ಹೆಸರು ಭುಜದ್ದಾದರೂ ಅದು ತೋಳಿನ ಜೊತೆ ಏಳಬಾರದು. ತೋಳು ಮೇಲೆತ್ತಿದಾಗ ಅದೂ ಎದ್ದರೆ ಕಿವಿಗೆ ಬಡಿಯುತ್ತದೆ, ಕಿರೀಟಕ್ಕೆ ತಾಗುತ್ತದೆ. ಅದಕ್ಕೇ ಅದನ್ನು ಭುಜದ ಮೇಲ್ಭಾಗಕ್ಕೆ, ಮುಂಡಕ್ಕೆ ಹತ್ತಿರವಾಗಿ ಬಿಗಿಯುವುದು. ಉತ್ತರ ಕರ್ನಾಟಕದ ಮದುವೆಯ ಬಾಸಿಂಗವೂ ಇಂಥದೇ: ಕಾಣುವುದು ಹಣೆಯ ಮೇಲೆ, ದಾರದ ಗಂಟು ಇರುವುದು ತಲೆಯ ಹಿಂದೆ. ಕಾಣುವ ಜಾಗ ಬೇರೆ, ಕಟ್ಟುವ ಜಾಗ ಬೇರೆ. ಮಾಯಾಲೋಕದ ತೊಡವಿನ ಶಾಸ್ತ್ರವೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಅವತಾರಕ್ಕೆ ಇನ್ನೂ ಹತ್ತಿರದ ಬಂಧು ಸೂತ್ರದ ಗೊಂಬೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನ ತಲೆಮಾರುಗಳಿಂದ ಆಡಿಸುತ್ತ ಬಂದಿರುವ ಯಕ್ಷಗಾನ ಗೊಂಬೆಗಳು ಬಡಗುತಿಟ್ಟಿನ ವೇಷವನ್ನೇ ಪುಟ್ಟ ಅಳತೆಯಲ್ಲಿ ತೊಟ್ಟಿರುತ್ತವೆ. ಗೊಂಬೆಗೆ ಕೀಲು ಇರುವುದು ಕೆಲವೇ ಕಡೆ. ಕೀಲಿನ ಮೇಲೆ ಒಡವೆ ಬಂದರೆ ಕೈ ಆಡುವುದಿಲ್ಲ. ಕೀಲಿನಿಂದ ಒಂದಿಷ್ಟು ಸರಿದರೆ ಆಟವೂ ಉಂಟು, ಅಂದವೂ ಉಂಟು. ಪರದೆಯ ಮೇಲಿನ ಗೊಂಬೆಗೂ ಇದೇ ಕಾನೂನು.

ಎಲುಬುಗಳ ಲೆಕ್ಕ

ಬಳಕೆದಾರರೇ ತೊಡವು ತಯಾರಿಸಿ, ಮಾರಿ, ತಮ್ಮ ಕೈಯಿಂದಲೇ ಕೂರಿಸಿಕೊಳ್ಳುವ ಪದ್ಧತಿ ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದದ್ದು ‘ಸೆಕೆಂಡ್ ಲೈಫ್’ನಲ್ಲಿ. ಫಿಲಿಪ್ ರೋಸ್‌ಡೇಲ್ ಸ್ಥಾಪಿಸಿದ ಲಿಂಡೆನ್ ಲ್ಯಾಬ್ ಅದನ್ನು 2003ರ ಜೂನ್‌ನಲ್ಲಿ ತೆರೆಯಿತು. ಅಲ್ಲಿನ ಮೊದಲ ಗೊಂಬೆಗೆ 26 ಎಲುಬು. ಅವುಗಳ ಮೇಲೆ ತಲೆಬುರುಡೆ, ಮೂಗು, ಗಲ್ಲ, ಎಡ ಕಿವಿ, ಬಲ ಕಿವಿ, ಎದೆ, ಬೆನ್ನು, ಭುಜ, ಮೇಲ್ದೋಳು, ಮುಂಗೈ, ಅಂಗೈ, ಸೊಂಟ, ತೊಡೆ, ಪಾದ ಎಂದು ಹೆಸರಿಟ್ಟ ಅಟ್ಯಾಚ್‌ಮೆಂಟ್ ಪಾಯಿಂಟುಗಳಿವೆ. ಇವೇ ತೊಡವು ಕಟ್ಟುವ ನೆಲೆಗಳು. ಮೈಗಲ್ಲದೆ ಪರದೆಗೇ ಅಂಟಿಸುವ ಎಂಟು ನೆಲೆಗಳೂ ಉಂಟು. ಅಲ್ಲಿ ಇಟ್ಟದ್ದು ತೊಟ್ಟವನಿಗೆ ಮಾತ್ರ ಕಾಣುತ್ತದೆ. ಒಬ್ಬ ಒಮ್ಮೆಗೆ ಕಟ್ಟಿಕೊಳ್ಳಬಹುದಾದ ವಸ್ತುಗಳ ಮಿತಿ 38.

ನೆಲೆಯ ಹೆಸರು ಹಲವಾದರೂ ಹಿಂದಿನ ಎಲುಬು ಒಂದೇ ಆಗಿರಬಹುದು. ಬುರುಡೆ, ಮೂಗು, ಬಾಯಿ, ಗಲ್ಲ, ಕಿವಿ ಎಲ್ಲವೂ ತಲೆಯ ಎಲುಬಿಗೇ ಸೇರಿದವು. ಹೀಗಾಗಿ ಮೂಗುತಿಯನ್ನು ಗಲ್ಲದ ನೆಲೆಗೆ ಕಟ್ಟಿ ಮೂಗಿನ ತನಕ ಸರಿಸಿ ಕೂರಿಸಿದರೂ ಅದು ಸರಿಯಾಗಿಯೇ ನಿಲ್ಲುತ್ತದೆ. ಒಂದು ನೆಲೆ ಭರ್ತಿಯಾದಾಗ ಅನುಭವಸ್ಥರು ಹೀಗೆಯೇ ಪಕ್ಕದ ನೆಲೆಯನ್ನು ಬಾಡಿಗೆಗೆ ಪಡೆಯುತ್ತಾರೆ. ಆದರೆ ಭುಜ ಮತ್ತು ಮೇಲ್ದೋಳಿನ ನಡುವೆ ಇಂಥ ಸಲಿಗೆ ನಡೆಯದು. ಭುಜದ ನೆಲೆ ಹೆಗಲೆಲುಬಿಗೆ, ಮೇಲ್ದೋಳಿನ ನೆಲೆ ತೋಳೆಲುಬಿಗೆ ಸೇರಿದ್ದು. ಭುಜಕೀರ್ತಿಯನ್ನು ಮೇಲ್ದೋಳಿಗೆ ಕಟ್ಟಿದರೆ ಗೊಂಬೆ ನೆಟ್ಟಗೆ ನಿಂತಿರುವಾಗ ಚೆನ್ನಾಗಿ ಕಾಣುತ್ತದೆ. ಕೈಯೆತ್ತಿ ಕುಣಿಯತೊಡಗಿದರೆ ಕಿವಿಯೊಳಗೆ ನುಗ್ಗುತ್ತದೆ. ಭುಜಕ್ಕೆ ಕಟ್ಟಿದರೆ ತುಸು ಏಳುತ್ತದೆ, ಎದೆಗೆ ಕಟ್ಟಿದರೆ ಏಳುವುದೇ ಇಲ್ಲ. ಚೌಕಿಯಲ್ಲಿ ವೇಷ ಕಟ್ಟುವವರಿಗೆ ಈ ಮಾತು ಯಾರೂ ಹೇಳಿಕೊಡಬೇಕಾಗಿಲ್ಲ.

ಗೆಜ್ಜೆಯದೂ ಇದೇ ಕಥೆ. ಅದು ಪಾದದ ಹತ್ತಿರ ಇರುತ್ತದೆಂದು ಪಾದದ ನೆಲೆಗೆ ಕಟ್ಟಿದರೆ ಹಿಮ್ಮಡಿ ಎತ್ತಿದ ಕೂಡಲೇ ಗೆಜ್ಜೆಯೂ ಮುಂದಕ್ಕೆ ವಾಲುತ್ತದೆ. ಅದು ಮೊಣಕಾಲ ಕೆಳಗಿನ ಎಲುಬಿಗೆ ಸೇರಬೇಕಾದ ವಸ್ತು. ಡಾಬನ್ನು ಎದೆಗೆ ಕಟ್ಟಬಾರದು, ತೋಳಬಂದಿಯನ್ನು ಭುಜಕ್ಕೆ ಕಟ್ಟಬಾರದು. ಸೊಂಟದಲ್ಲಿ ತೂಗುವ ಕತ್ತಿಯನ್ನು ಹಿರಿದಂತೆ ಕಾಣಿಸಬೇಕೆಂದರೆ ತಯಾರಕರು ಮಾಡುವ ಉಪಾಯ ಚೆಂದದ್ದು: ಕತ್ತಿಗಳು ಎರಡು, ಒಂದು ಒರೆಯಲ್ಲಿ, ಇನ್ನೊಂದು ಮೊದಲಿನಿಂದಲೂ ಕೈಯಲ್ಲಿ. ಸ್ಕ್ರಿಪ್ಟು ಒಂದನ್ನು ಮಾಯ ಮಾಡಿದಾಗ ಇನ್ನೊಂದನ್ನು ತೋರಿಸುತ್ತದೆ.

ಕುತ್ತಿಗೆಗೆ ಅಲ್ಲಿ ಬಹಳ ಕಾಲ ಪ್ರತ್ಯೇಕ ನೆಲೆಯೇ ಇರಲಿಲ್ಲ. ಸರಗಳು ಎದೆಗೋ ಬೆನ್ನಿಗೋ ಸೇರುತ್ತಿದ್ದವು. ಉಂಗುರ ಬೆರಳಿನದಾದರೂ ಬೆರಳಿಗೆ ಎಲುಬಿಲ್ಲದ ಕಾರಣ ಇಡೀ ಅಂಗೈಗೆ ಕಟ್ಟುವುದೇ ಗತಿಯಾಗಿತ್ತು. 2016ರ ಡಿಸೆಂಬರ್‌ನಲ್ಲಿ ‘ಬೆಂಟೊ’ ಎಂಬ ಹೊಸ ಎಲುಬಿನಗೂಡು ಬಂದ ಮೇಲೆ ಬೆರಳು, ದವಡೆ, ರೆಕ್ಕೆ, ಬಾಲ ಎಲ್ಲಕ್ಕೂ ಎಲುಬು ಸಿಕ್ಕವು. ಒಟ್ಟು ಸಂಖ್ಯೆ ನೂರು ದಾಟಿತು. ಉಂಗುರದ ಬೆರಳಿಗೂ ನೆಲೆ ಬಂತು. ಜಡೆಗೆ ಮಾತ್ರ ಇನ್ನೂ ಇಲ್ಲ. ಜಡೆಬಿಲ್ಲೆ ಸಾಲಾಗಿ ಜಡೆಯ ಉದ್ದಕ್ಕೂ ಕೂತು ಜಡೆಯ ಜೊತೆ ತೂಗಬೇಕಾದ ಒಡವೆ. ಅದನ್ನು ಬಯಸುವವರು ಬಾಲಕ್ಕೆಂದು ಕೊಟ್ಟ ಆರು ಎಲುಬನ್ನು ತಲೆಯ ಹಿಂದಕ್ಕೆ ಎಳೆದು ತರಬೇಕಾದೀತು. ಗೊಂಬೆಗೆ ರೆಕ್ಕೆ, ಬಾಲಗಳ ನೆನಪಾದವರಿಗೆ ಜಡೆಯ ನೆನಪಾಗಲಿಲ್ಲವೆನ್ನುವುದು ಆ ಗೂಡನ್ನು ಕಟ್ಟಿದವರ ಊರು ಯಾವುದೆಂದು ಹೇಳುತ್ತದೆ.

ಕೂರಿಸುವ ಕೆಲಸ

ಸೆಕೆಂಡ್ ಲೈಫಿನಲ್ಲಿ ನೆಲೆ ಆರಿಸಿ ಕಟ್ಟಿದ ಮೇಲೆ ವಸ್ತುವನ್ನು ಆಯ್ದು ‘ಎಡಿಟ್’ ಒತ್ತಿದರೆ ಅದರ ಸುತ್ತ ಮೂರು ಬಣ್ಣದ ಬಾಣಗಳು ಮೂಡುತ್ತವೆ. ಗೊಂಬೆಯ ಲೆಕ್ಕದಲ್ಲಿ ಕೆಂಪು ಹಿಂದೆ ಮುಂದಕ್ಕೆ, ಹಸಿರು ಎಡಬಲಕ್ಕೆ, ನೀಲಿ ಮೇಲೆ ಕೆಳಕ್ಕೆ. ಕಂಟ್ರೋಲ್ ಕೀಲಿ ಹಿಡಿದರೆ ಬಾಣಗಳು ತಿರುಗಿಸುವ ಬಳೆಗಳಾಗುತ್ತವೆ. ಜೊತೆಗೆ ಶಿಫ್ಟ್ ಒತ್ತಿದರೆ ಹಿಗ್ಗಿಸುವ ಗುಬ್ಬಿಗಳು. ಕೈ ನಡುಗುವವರು ಬಾಣ ಎಳೆಯುವುದಕ್ಕಿಂತ ಪಕ್ಕದ ಪಟ್ಟಿಯಲ್ಲಿ ಅಂಕಿಯನ್ನೇ ಬರೆಯುವುದು ಒಳ್ಳೆಯದು. ಅಳತೆ ಮೀಟರಿನಲ್ಲಿ, ಓಲೆಯ ಮಟ್ಟಿಗೆ 0.005 ಎಂದರೆ ಸಾಕಷ್ಟು ದೊಡ್ಡ ಜರುಗಾಟ.

ಆ ಅಂಕಿಗಳು ಹೇಳುವುದು ಲೋಕದಲ್ಲಿ ವಸ್ತು ಎಲ್ಲಿದೆ ಎಂದಲ್ಲ; ಕಟ್ಟಿದ ನೆಲೆಯಿಂದ ಎಷ್ಟು ದೂರ, ಯಾವ ಕಡೆಗೆ ವಾಲಿದೆ ಎಂದು. ಗೊಂಬೆ ಊರೆಲ್ಲ ಸುತ್ತಿ ಬಂದರೂ ಆ ಅಂಕಿಗಳು ಬದಲಾಗುವುದಿಲ್ಲ. ಮರದ ಗೊಂಬೆಯ ಕಿವಿಗೆ ಮೊಳೆ ಹೊಡೆದ ಓಲೆ ಜಾತ್ರೆಗೆ ಹೋದರೂ ಮನೆಯಲ್ಲಿದ್ದರೂ ಕಿವಿಯಿಂದ ಅಷ್ಟೇ ದೂರ ಇರುತ್ತದಲ್ಲ, ಹಾಗೆ.

ತಿರುಗಿಸುವ ಲೆಕ್ಕ ಸರಿಸುವ ಲೆಕ್ಕದಷ್ಟು ಸಾಧು ಅಲ್ಲ. ಮೊದಲು ಎಡಕ್ಕೆ ತಿರುಗಿಸಿ ಆಮೇಲೆ ಬಗ್ಗಿಸುವುದೂ, ಮೊದಲು ಬಗ್ಗಿಸಿ ಆಮೇಲೆ ತಿರುಗಿಸುವುದೂ ಒಂದೇ ಅಲ್ಲ. ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಮೂರು ಕೋನಗಳಲ್ಲಿ ಬರೆದಾಗ ಕೆಲವೊಂದು ಸ್ಥಿತಿಯಲ್ಲಿ ಎರಡು ಬಳೆಗಳು ಒಂದರ ಮೇಲೊಂದು ಬಂದು ಒಂದು ದಿಕ್ಕೇ ಕೈತಪ್ಪುತ್ತದೆ. ಅದಕ್ಕೇ ಯಂತ್ರ ಒಳಗೊಳಗೆ ನಾಲ್ಕು ಅಂಕಿಗಳ ಕ್ವಾಟರ್ನಿಯನ್ ಬಳಸುತ್ತದೆ. ಐರ್ಲೆಂಡಿನ ಗಣಿತಜ್ಞ ವಿಲಿಯಂ ಹ್ಯಾಮಿಲ್ಟನ್ 1843ರಲ್ಲಿ ಡಬ್ಲಿನ್ನಿನ ಕಾಲುವೆಯ ಪಕ್ಕ ನಡೆಯುತ್ತಿದ್ದಾಗ ಹೊಳೆದು ಸೇತುವೆಯ ಕಲ್ಲಿನ ಮೇಲೆ ಗೀಚಿದ ಸೂತ್ರ ಅದು. ಈಗ ಅದರಿಂದ ಗೊಂಬೆಯ ಟೋಪಿಯೂ ತಿರುಗುತ್ತದೆ.

ಕೆಲಸಕ್ಕೆ ಕೂರುವ ಮುನ್ನ ಗೊಂಬೆಯನ್ನು ನಿಲ್ಲಿಸಬೇಕು. ಸುಮ್ಮನೆ ಬಿಟ್ಟರೆ ಅದು ಉಸಿರಾಡುತ್ತದೆ, ಓಲಾಡುತ್ತದೆ. ಎಡಿಟ್ ಒತ್ತಿದಾಗ ವಸ್ತುವಿನ ಕಡೆಗೆ ಕೈ ಬೇರೆ ಚಾಚುತ್ತದೆ. ತೋಳಬಂದಿ ಕೂರಿಸುವವನಿಗೆ ಇದಕ್ಕಿಂತ ಕಿರಿಕಿರಿ ಇಲ್ಲ. ಹಾಗಾಗಿ ‘ಪೋಸ್ ಸ್ಟ್ಯಾಂಡ್’ ಎಂಬ ಪೀಠದ ಮೇಲೆ ಕೈಚಾಚಿ ಅಲುಗದಂತೆ ನಿಲ್ಲಿಸುತ್ತಾರೆ. ಎದುರಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ, ಮೇಲಿನಿಂದ ಒಂದು ಸಲ ನೋಡದೆ ಕೂತಿತು ಎನ್ನಬಾರದು. ಎದುರಿನಿಂದ ಕಿವಿಗೆ ಅಂಟಿದಂತೆ ಕಂಡ ಓಲೆ ಪಕ್ಕದಿಂದ ನೋಡಿದರೆ ಗೇಣು ಮುಂದೆ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಎಲ್ಲ ಮುಗಿದ ಮೇಲೆ ಪೀಠದಿಂದ ಇಳಿಸಿ, ನಡೆಸಿ, ಕೂರಿಸಿ, ಕುಣಿಸಿ ನೋಡಬೇಕು. ನಿಂತಾಗ ಒಪ್ಪುವ ಒಡವೆ ನಡೆದಾಗ ಮೈಯೊಳಗೆ ಹುದುಗುವುದುಂಟು.

ಎಡಗಿವಿಯ ಓಲೆಯನ್ನು ಕನ್ನಡಿ ಹಿಡಿದಂತೆ ತಿರುಗಿಸಿ ಬಲಗಿವಿಯದಾಗಿ ಮಾಡುವ ಸೌಕರ್ಯ ಅಲ್ಲಿಲ್ಲ. ಎರಡೂ ಬದಿ ಒಂದೇ ತರಹದ ಓಲೆಯಾದರೆ ಅರ್ಧ ಸುತ್ತು ತಿರುಗಿಸಿ ನಿಭಾಯಿಸಬಹುದು; ನವಿಲಿನ ಓಲೆಗೆ ಜೋಡಿ ನವಿಲನ್ನು ಬೇರೆಯಾಗಿಯೇ ಮಾಡಬೇಕು. ಇನ್ನೊಂದು ತೊಡಕು ಮೂಗುತಿಯದು. ಅಲ್ಲಿ ವಸ್ತು ಕಟ್ಟಲು ಬಳಸುವ ಮೂಲ ಗಟ್ಟಿಗಳು ಯಾವ ಬದಿಗೂ ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗವು, ನಮ್ಮ ಮೂಗುತಿಯ ಹರಳು ಅದರ ಅರ್ಧವೂ ಇರುವುದಿಲ್ಲ. ಮೊದಲ ಕಾಲದ ಕುಶಲಿಗಳು ಗಟ್ಟಿಯನ್ನು ಕೊರೆದು, ಕತ್ತರಿಸಿ, ಹೊರಗೆ ಸಾಸಿವೆಯಷ್ಟೇ ಕಾಣುವಂತೆ ಮಾಡಿದರು. ಅಕ್ಕಸಾಲಿಗರಿಗೆ ಒಪ್ಪುವ ಜಾಣ್ಮೆ.

ಉಡುವ ಜಾತಿ ಬಂದ ಮೇಲೆ

2011ರಲ್ಲಿ ಸೆಕೆಂಡ್ ಲೈಫಿಗೆ ಮೆಶ್, ಅಂದರೆ ಬಿಂದುಗಳ ಜಾಲದಿಂದ ಮಾಡಿದ ಆಕೃತಿ, ಬಂತು. ಎಲುಬುಗಳಿಗೆ ಪಾಲು ಹಂಚಿದ ಬಟ್ಟೆಗಳು ಸಾಧ್ಯವಾದವು. 2014ರ ‘ಫಿಟೆಡ್ ಮೆಶ್’ನಿಂದ ಅವು ಹೊಟ್ಟೆ, ಎದೆಯ ಗಾತ್ರಕ್ಕೆ ತಕ್ಕಂತೆ ಹಿಗ್ಗಿ ಕುಗ್ಗತೊಡಗಿದವು. ಇವುಗಳ ಮುಂದೆ ಬಾಣಗಳಿಗೆ ಬೆಲೆಯಿಲ್ಲ. ಎಷ್ಟು ಎಳೆದರೂ ಬಟ್ಟೆ ಕದಲುವುದಿಲ್ಲ, ಏಕೆಂದರೆ ಅದರ ಜಾಗವನ್ನು ತಯಾರಕ ಆಗಲೇ ಎಲುಬುಗಳ ಲೆಕ್ಕದಲ್ಲಿ ಬರೆದು ಮುಗಿಸಿದ್ದಾನೆ. ಹೊಸಬರು ಕಂಪ್ಯೂಟರ್ ಕೆಟ್ಟಿತೆಂದು ತಿಳಿಯುವುದು ಇಲ್ಲಿ. ಸೀರೆಯನ್ನು ಯಾರಾದರೂ ಒಂದು ಬಾಣ ಹಿಡಿದು ಎಳೆದು ಸರಿಮಾಡುತ್ತಾರೆಯೇ? ಬಿಚ್ಚಿ ಉಡಬೇಕಷ್ಟೆ. ಬಟ್ಟೆಯ ಕೆಳಗಿಂದ ಚರ್ಮ ಇಣುಕಿದರೆ ಆ ಭಾಗದ ಮೈಯನ್ನೇ ಅದೃಶ್ಯ ಮಾಡುವ ‘ಆಲ್ಫಾ’ ಪದರ ತೊಡಿಸುತ್ತಾರೆ. ಹಚ್ಚುವ ಜಾತಿಯ ಚಿತ್ರಗಳನ್ನು ಮೆಶ್ ಮೈಗೂ ಹೊಂದಿಸುವ ವ್ಯವಸ್ಥೆ 2019ರಲ್ಲಿ ಸೇರಿತು.

‘ವೇರ್’ ಮತ್ತು ‘ಆ್ಯಡ್’ ನಡುವಿನ ಭೇದವನ್ನೂ ಇಲ್ಲೇ ಹೇಳಬೇಕು. ವೇರ್ ಒತ್ತಿದರೆ ಆ ನೆಲೆಯಲ್ಲಿ ಮೊದಲಿದ್ದದ್ದು ಕಳಚಿಹೋಗಿ ಹೊಸದು ಕೂರುತ್ತದೆ. ಆ್ಯಡ್ ಒತ್ತಿದರೆ ಎರಡೂ ಇರುತ್ತವೆ. ಟೋಪಿ ಇಡಲು ಹೋಗಿ ಕೂದಲು ಕಳೆದುಕೊಂಡು ಸಂತೆಯ ನಡುವೆ ಬೋಳುತಲೆಯಲ್ಲಿ ನಿಂತ ಅನುಭವ ಅಲ್ಲಿ ಓಡಾಡಿದ ಬಹುತೇಕರಿಗೆ ಉಂಟು.

ಬೇರೆ ಲೋಕಗಳಲ್ಲಿ

2006ರಲ್ಲಿ ತೆರೆದ ‘ರೋಬ್ಲಾಕ್ಸ್’ ಹೆಸರು ಹೊಂದಿಸುವ ದಾರಿ ಹಿಡಿದಿದೆ. ಟೋಪಿಯ ಒಳಗೆ ಒಂದು ಬಿಂದು, ತಲೆಯ ಮೇಲೆ ಅದೇ ಹೆಸರಿನ ಇನ್ನೊಂದು ಬಿಂದು. ತೊಟ್ಟಾಗ ಎರಡೂ ಒಂದಾಗುತ್ತವೆ. ಆರು ತುಂಡಿನ ಹಳೆಯ ಗೊಂಬೆಗೂ ಹದಿನೈದು ತುಂಡಿನ ಹೊಸ ಗೊಂಬೆಗೂ ಅದೇ ಟೋಪಿ ಹೊಂದುವುದು ಇದರಿಂದ. ಬಟ್ಟೆಗೆ ಅಲ್ಲಿ ಒಳಗೂಡು, ಹೊರಗೂಡು ಎಂಬ ಎರಡು ಪದರ ಕೊಡುತ್ತಾರೆ. ಅಂಗಿಯ ಹೊರಗೂಡಿನ ಮೇಲೆ ಕೋಟಿನ ಒಳಗೂಡು ಕೂರುವುದರಿಂದ ಅಂಗಿಯ ಮೇಲೆ ಕೋಟು, ಕೋಟಿನ ಮೇಲೆ ಶಾಲು ಎಂದು ಒಂದರ ಮೇಲೊಂದು ಹಾಕಬಹುದು. ‘ವಿಆರ್‌ಚಾಟ್’ನಲ್ಲಿ ಎಲ್ಲವೂ ಲೋಕದ ಹೊರಗೆ, ಯೂನಿಟಿ ತಂತ್ರಾಂಶದಲ್ಲಿ ನಡೆಯುತ್ತದೆ. ಕನ್ನಡಕವನ್ನು ತಲೆಯೆಲುಬಿನ ಮಗುವಾಗಿ ಪಟ್ಟಿಯಲ್ಲಿ ಸೇರಿಸಿ, ಕೂರಿಸಿ, ಇಡೀ ಗೊಂಬೆಯನ್ನೇ ಮತ್ತೆ ಏರಿಸಬೇಕು.

ನಮ್ಮ ಹುಡುಗರ ಮೊಬೈಲಿನಲ್ಲಿ ಹೆಚ್ಚಾಗಿ ಕಾಣುವುದು 2021ರ ಜುಲೈಯಲ್ಲಿ ಬಂದ ಬಿಜಿಎಂಐನಂಥ ಆಟ. ಅಲ್ಲಿ ಹೆಲ್ಮೆಟ್, ಬ್ಯಾಗು ಎಲ್ಲಿ ಕೂರಬೇಕೆಂದು ಆಟ ಕಟ್ಟಿದವರೇ ನಿರ್ಧರಿಸಿದ್ದಾರೆ. ಆಡುವವನಿಗೆ ಉಳಿದದ್ದು ಸ್ಕಿನ್ ಆರಿಸುವುದು ಮಾತ್ರ. ತಪ್ಪಾಗಿ ಕೂರಿಸುವ ಭಯವಿಲ್ಲ, ಕೂರಿಸುವ ಸುಖವೂ ಇಲ್ಲ. ಒಡವೆ ಅಂಗಡಿಗಳ ಆ್ಯಪಿನಲ್ಲಿ ಕ್ಯಾಮೆರಾದೆದುರು ಜುಮಕಿ ತೊಟ್ಟು ನೋಡುವುದು ಇದೇ ವಿದ್ಯೆಯ ತಿರುವುಮುರುವು. ಅಲ್ಲಿ ಮೈ ನಿಜ, ತೊಡವು ಮಾತ್ರ ಮಾಯೆ. ಎಲುಬಿನ ಬದಲು ಮುಖದ ಗುರುತು ಬಿಂದುಗಳನ್ನು ಯಂತ್ರ ಹುಡುಕುತ್ತದೆ. ಗೂಗಲ್‌ನ ಮೀಡಿಯಾಪೈಪ್ ಮುಖಜಾಲದಲ್ಲಿ ಅಂಥ ಬಿಂದುಗಳು 468. ಕೂದಲು ಕಿವಿಯನ್ನು ಮುಚ್ಚಿದರೆ ಜುಮಕಿ ಕೂದಲ ಮೇಲೇ ತೇಲುತ್ತದೆ.

ಕರ್ನಾಟಕದಲ್ಲಿ ಇಂಥ ಗೊಂಬೆ, ಒಡವೆ, ಆಟಗಳ ತಯಾರಿಕೆಗೆ ಸರ್ಕಾರದ ಬೆಂಬಲ ಹೊಸದೇನಲ್ಲ. ಆ್ಯನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ಹೊರಡಿಸಿದ ರಾಜ್ಯ ದೇಶದಲ್ಲಿ ಇದೇ ಮೊದಲು. 2024ರಿಂದ 2029ರ ತನಕದ ಹೊಸ ನೀತಿಯಲ್ಲಿ ಮಾಯಾವಾಸ್ತವವೂ ಸೇರಿದೆ. ಈ ನೀತಿಯ ಹಣದಲ್ಲಿ ಒಂದು ಪಾಲು ಬುಗುಡಿ, ವಂಕಿ, ದಂಡಿ, ಬಾಸಿಂಗ, ಕೇದಗೆ ಮುಂದಲೆಗಳನ್ನು ಅಳತೆ ತೆಗೆದು ಮೆಶ್ ಮಾಡಿಡಲು ಹೋದರೆ ಒಳ್ಳೆಯದಿತ್ತು. ಕಟ್ಟುವ ನೆಲೆ ಯಾವುದೆಂದು ಹೇಳಬಲ್ಲ ಹಿರಿಯ ಕೈಗಳು ಚೌಕಿಗಳಲ್ಲಿ ಇನ್ನೂ ಇವೆ.

ದೂರದ ಮಾತೊಂದು. ಹುಬ್ಬಳ್ಳಿ-ಧಾರವಾಡ ಬೈಪಾಸ್ ಮುಗಿಯುವ ಗಬ್ಬೂರ ಕ್ರಾಸಿನ ಹತ್ತಿರ ಮನೆಯಲ್ಲಿ ಕೂತು ಒಬ್ಬ ತನ್ನ ಅವತಾರದ ಕಿರೀಟವನ್ನು ಒಂದು ಕೂದಲೆಳೆ ಎಡಕ್ಕೆ ಸರಿಸಿದನೆನ್ನಿ. ಆ ಸರಿದಾಟ ಮೊದಲು ಅಮೆರಿಕದ ಸರ್ವರಿಗೆ ಹೋಗಿ ದಾಖಲಾಗಿ, ಅಲ್ಲಿಂದ ಉಳಿದವರ ಪರದೆಗಳಿಗೆ ಹೋಗಬೇಕು. ಹೊರಗೆ ಲಾರಿಯೊಂದು ಟೋಲ್ ದಾಟುವುದಕ್ಕಿಂತ ಬೇಗ ಇದು ಮುಗಿಯುತ್ತದಾದರೂ ನೆಟ್‌ವರ್ಕ್ ಕುಂಟಿದ ದಿನ ಕಿರೀಟ ಹಳೆಯ ಜಾಗಕ್ಕೆ ಜಿಗಿದು ವಾಪಸು ಬರುವುದು ಕಾಣುತ್ತದೆ. ಆಗ ಮತ್ತೆ ಮತ್ತೆ ಎಳೆಯದೆ ಸುಮ್ಮನೆ ಕಾಯುವುದು ಲೇಸು. ತೊಡವು ವಿಪರೀತವಾದರೆ ಇನ್ನೊಂದು ಅವಮಾನವೂ ಕಾದಿದೆ: 2016ರಿಂದ ಸೆಕೆಂಡ್ ಲೈಫಿನಲ್ಲಿ ಭಾರ ಮಿತಿ ಮೀರಿದ ಅವತಾರವನ್ನು ನೋಡುವವರ ಕಂಪ್ಯೂಟರ್ ಪೂರ್ತಿ ಬಿಡಿಸದೆ ಒಂದೇ ಬಣ್ಣದ ಅಂಟುಗೊಂಬೆಯಾಗಿ ತೋರಿಸಿಬಿಡುತ್ತದೆ. ಮೈತುಂಬ ಒಡವೆ ಹೇರಿಕೊಂಡವರ ಒಂದು ಒಡವೆಯೂ ಆಗ ಯಾರಿಗೂ ಕಾಣದು.

ಕೊನೆಗೆ, ಕೆಲಸಕ್ಕೆ ಕೂರುವವರಿಗೆ ಎರಡು ಮಾತು. ನಕಲು ಮಾಡಲು ಅನುಮತಿಯಿರುವ ತೊಡವಾದರೆ ಮೊದಲು ನಕಲು ತೆಗೆದಿಟ್ಟು ಆಮೇಲೆ ಕೈಹಚ್ಚಬೇಕು. ಕೂರಿಸಿದ ಹೊಸ ಜಾಗ ಸರ್ವರಿನಲ್ಲಿ ಗಟ್ಟಿಯಾಗಿ ಉಳಿಯುವುದು ತೊಡವನ್ನು ಕಳಚಿದಾಗ ಇಲ್ಲವೇ ಕ್ರಮವಾಗಿ ಲಾಗೌಟ್ ಆದಾಗ. ಗಂಟೆಗಟ್ಟಲೆ ದುಡಿದು ಕಿರೀಟ ಕೂರಿಸಿದ ಮೇಲೆ ಕರೆಂಟ್ ಹೋದರೆ ಅದು ಮರಳಿ ಕಿವಿಯ ಮೇಲೆ ಬಂದು ಕೂತಿರಬಹುದು. ಆದ್ದರಿಂದ ಮುಗಿದ ಕೂಡಲೇ ಒಮ್ಮೆ ಕಳಚಿ, ಮತ್ತೆ ತೊಡಿಸಿ.